ಕಾರು ಒಪ್ಪಬೇಕಲ್ಲ

ಕಾರುಗಳೇ ಮಾಲೀಕರನ್ನು ಆರಿಸಿಕೊಳ್ಳತೊಡಗಿದ ಮೇಲೆ ದಾವಣಗೆರೆಯ ಚನ್ನವೀರಪ್ಪ, ಬಸಮ್ಮ ದಂಪತಿಗೆ ಶೋರೂಮು ಸುತ್ತಿ ಸುತ್ತಿ ಸಾಕಾಗಿತ್ತು. ಚಿಕ್ಕ ಕಾರು ಇವರ ಸಾಮಾನು ಜಾಸ್ತಿ ಎಂದಿತ್ತು. ಎತ್ತರದ ಕ್ರಾಸ್‌ಓವರ್ ಕಾರು ಇವರ ಓಣಿ ಇಕ್ಕಟ್ಟು ಎಂದಿತ್ತು. ಇಂದು ಎಲೆಕ್ಟ್ರಿಕ್ ಕಾರೂ ಬಾಗಿಲು ತೆರೆಯಲಿಲ್ಲ.

"ನಿಮ್ಮ ಹಳೇ ಕಾರನ್ನ ವಿಚಾರಿಸ್ದೆ. ಯಜಮಾನ್ರು ಬಲು ಒರಟು ಅಂತು," ಎಂದಿತು.

ಹೊಸದು ಸಿಕ್ಕ ದಿನವೇ ಗುಜರಿಗೆ ಹೋಗಬೇಕಾದ ಹಳೇ ಕಾರು ಹೊರಗೆ ಬಿಸಿಲಲ್ಲಿ ನಿಂತಿತ್ತು.

"ಇಷ್ಟು ವರ್ಷದಾಗೆ ನಿಂಗೆ ಒಂದು ಗೀರು ಬೀಳ್ಸೀನೇನೋ?" ಚನ್ನವೀರಪ್ಪ ಕೇಳಿದರು.

ಕಾರು ಬಾಗಿಲು ತೆರೆಯಿತು.

ಹೊಸ ಕಾರಿನ ಪೂಜೆಗೆಂದು ತಂದಿದ್ದ ನಿಂಬೆಹಣ್ಣುಗಳನ್ನು ಬಸಮ್ಮ ಚೀಲದಿಂದ ತೆಗೆದು, ಸವೆದ ಟೈರುಗಳ ಕೆಳಗೆ ಒಂದೊಂದಾಗಿ ಇಟ್ಟರು.

"ಹತ್ರಿ, ಮನಿಗೆ ಹೋಗಾನ," ಎಂದರು ಗಂಡನಿಗೆ.