ಇಲ್ಲದ ನಡುಗೆರೆ

ಮಾಲಗಾಂವದ ದ್ರಾಕ್ಷಿ ತೋಟದಲ್ಲಿ, ಕೆಟ್ಟು ನಿಂತ ಎಟಿವಿ ಗಾಡಿಯ ಪಕ್ಕದಲ್ಲೇ, ತೋಟದ ಒಡೆಯ ಈರೇಶ, ಮೆಕ್ಯಾನಿಕ್ ಆದ ಕುಣಾಲನ ಎದೆಯ ಮೇಲೆ ಬೂಟುಗಾಲು ಊರಿ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಎತ್ತಿದ. ಕುಣಾಲನ ತುಟಿ ಆಗಲೇ ಒಡೆದಿತ್ತು.

"ದಸರಾದ ಮುಂದ ನೀನ ಹೊಸಾ ಏರ್ ಫಿಲ್ಟರ್ ಕೂಡ್ಸಿದಿ. ದೀಪಾವಳಿ ಬರೂದ್ರಾಗ ಧೂಳ ನುಂಗಿ ಇಂಜಿನ್ ಹೋತು!"

"ನಾ ಬರೋಬರಿ ಕೂಡ್ಸೇನ್ರಿ, ಸಾವಕಾರ್ರ. ಆಮ್ಯಾಲೆ ಯಾರೋ ಬಿಚ್ಯಾರ. ತಗದ ನೋಡ್ರಿ."

ಈರೇಶ ಎಡಗೈಯಿಂದ ಗಾಡಿಯ ಫಿಲ್ಟರ್ ಡಬ್ಬಿಯ ಮುಚ್ಚಳ ಕಿತ್ತೆಸೆದ. ಫಿಲ್ಟರಿನ ಕ್ಲಿಪ್ ಸಡಿಲವಾಗಿತ್ತು; ಎಳೆದ ಕೂಡಲೇ ಫಿಲ್ಟರ್ ಕೈಗೆ ಬಂತು. ಬಿಚ್ಚದೆ ಕೈಗೆಟುಕದ ಅದರ ತಳದ ರಬ್ಬರಿನ ಮೇಲೆ ದಸರೆಯ ಖಂಡೇನವಮಿ ಆಯುಧಪೂಜೆಯ ವಿಭೂತಿ. ಮೂರು ಬೆರಳಿನಿಂದ ಎಳೆದದ್ದು, ಆದರೆ ಮೇಲೊಂದು ಗೆರೆ, ಕೆಳಗೊಂದು ಗೆರೆ ಅಷ್ಟೇ. ನಡುವಿನ ಗೆರೆ ಇರಲಿಲ್ಲ.

ನೆಲದ ಮೇಲಿಂದಲೇ ಕುಣಾಲ ಅದನ್ನು ನೋಡಿದ. ಆಮೇಲೆ ಅವನ ಕಣ್ಣು ಪಾನಾ ಹಿಡಿದ ಈರೇಶನ ಬಲಗೈಗೆ ಹೋಯಿತು. ಆ ಕೈಯ ನಡುಬೆರಳನ್ನು ಕಬ್ಬಿನ ಗಾಣ ಎಂದೋ ಅರ್ಧಕ್ಕೆ ತಿಂದುಹಾಕಿತ್ತು.

ಅವನು ನೋಡಿದ್ದನ್ನು ಈರೇಶನೂ ನೋಡಿದ. ಫಿಲ್ಟರಿನ ತಳವನ್ನು ಪ್ಯಾಂಟಿಗೆ ಗಸಗಸ ತಿಕ್ಕಿದ. ರಬ್ಬರು ಕರ್ರಗೆ ಹೊಳೆಯಿತು. ಪಾನಾ ಮತ್ತೆ ಮೇಲೆದ್ದಿತು.

"ಲೇ, ಈಗ ಹೇಳ, ಯಾರು ಬಿಚ್ಯಾರ?"