ಹಿತ್ತಲ ಬಾಗಿಲಿನ ಕೋಟು

"ಅಮ್ಮಾ, ಸರ್ ಕೋಟನ್ನ ಇಲ್ಲಿ ನೇತು ಹಾಕಿದ್ದೀರಾ?"

ಬೆಳಗಿನ ಚಹಾ ಸೋಸುತ್ತಿದ್ದ ಆಕೆ ತಿರುಗಿ ನೋಡಿದಳು. ಹಿತ್ತಲ ಬಾಗಿಲಲ್ಲಿ, ಮಂಡಿಯವರೆಗೆ ಇಬ್ಬನಿಯಲ್ಲಿ ತೊಯ್ದು ನಿಂತಿದ್ದವಳು ಬೇಲಿಯಾಚೆಯ ಹತ್ತಿ ಸಂಶೋಧನಾ ಕೇಂದ್ರದ ಕೀಟ ವಿಜ್ಞಾನಿ. ಆಕೆಯ ಗಂಡನ ಶಿಷ್ಯೆ. ಅವರು ತೀರಿಕೊಂಡ ಮೇಲೆ ಅವರದೇ ಕುರ್ಚಿಯಲ್ಲಿ ಕೂತವಳು. ಎಷ್ಟು ದೊಡ್ಡ ಹುದ್ದೆಯಾದರೇನು, ಆಕೆಗೆ ಇನ್ನೂ ಹುಡುಗಿಯೇ. ಆ ಹುಡುಗಿ ಈಗ ಮೊಳೆಗೆ ನೇತಾಡುತ್ತಿದ್ದ ಖಾಕಿ ಕೋಟನ್ನೇ ದಿಟ್ಟಿಸುತ್ತಿದ್ದಳು. ಅದರ ಜೇಬಿನ ಸುತ್ತ ಬೂದು ಬಣ್ಣದ ಪುಟ್ಟ ಪತಂಗಗಳು ರೆಕ್ಕೆ ಮಡಿಚಿ, ಮದುವೆ ಮನೆಗೆ ಮೊದಲೇ ಬಂದು ಜಾಗ ಹಿಡಿದ ನೆಂಟರ ಹಾಗೆ ಕೂತಿದ್ದವು.

ಗುಲಾಬಿ ಕಾಯಿಕೊರಕ ಎಂಬ ಹತ್ತಿಯ ಹುಳವೇ ಆಕೆಯ ಗಂಡನ ಬದುಕನ್ನೆಲ್ಲ ತಿಂದದ್ದು. ಹೆಣ್ಣು ಪತಂಗದ ಗಂಧ ತುಂಬಿದ ರಬ್ಬರ್ ಬಿರಡೆಗಳನ್ನು ಹೊಲದ ಬಲೆಗಳಲ್ಲಿ ಕಟ್ಟಿ, ಮೋಸ ಹೋಗಿ ಬಂದ ಗಂಡು ಪತಂಗಗಳನ್ನು ದಿನಾ ಬೆಳಗ್ಗೆ ಎಣಿಸುವುದು ಅವರ ಕೆಲಸ. ಲೆಕ್ಕ ಮಿತಿ ಮೀರಿದರೆ ಮಾತ್ರ ಔಷಧಿ ಹೊಡೆಯಬೇಕು, ಸುಮ್ಮಸುಮ್ಮನೆ ವಿಷ ಸುರಿಯಬಾರದು ಎಂಬುದು ಅವರ ಹಟ. ಅಷ್ಟು ತಿಳಿದ ಮನುಷ್ಯ, ಬಿರಡೆಗಳನ್ನು ಮಾತ್ರ ಪೆಪ್ಪರ್‌ಮೆಂಟಿನ ಹಾಗೆ ಕೋಟಿನ ಜೇಬಿಗೇ ಹಾಕಿಕೊಳ್ಳುತ್ತಿದ್ದರು. ಬೆಳಗಿನ ಚಹಾಕ್ಕೆ ಮನೆಗೆ ಬರುವಾಗ ಒಂದೆರಡು ಪತಂಗ ಬೆನ್ನಿಗೆ ಬಿದ್ದೇ ಬರುತ್ತಿದ್ದವು.

"ಈ ವಯಸ್ಸಲ್ಲೂ ನಿಮ್ಮ ಹಿಂದೆ ಬೀಳೋರಿದ್ದಾರಲ್ಲಪ್ಪ" ಎಂದು ಆಕೆ ಛೇಡಿಸುತ್ತಿದ್ದಳು.

"ಹೊಟ್ಟೆಕಿಚ್ಚು ಪಡ್ಬೇಡ ಕಣೇ, ಎಲ್ಲಾ ಗಂಡೇ" ಎನ್ನುತ್ತಿದ್ದರು ಅವರು, ಲೋಟ ಬಾಯಿಗಿಡುತ್ತ.

ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಆಕೆ, ಆ ಕೋಟಿನ ಹರಿದ ಜೇಬಿಗೆ ಮತ್ತೆ ಮತ್ತೆ ಅಸ್ತರು ಹಾಕಿದ್ದಳು. ಬಿಸಿನೀರಿಗೆ ಹಾಕಿ ಉಜ್ಜಿದ್ದಳು. ಮನುಷ್ಯರ ಮೂಗಿಗೆ ತಿಳಿಯದ ಆ ಗಂಧ ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಅವರು ಹೋದ ಮೇಲೆ ಒಂದು ದಿನ ಸುಮ್ಮನೆ ಅದನ್ನು ಹೊರಗೆ ತೆಗೆದು ಮೊಳೆಗೆ ಹಾಕಿದಳು. ಮರುದಿನ ಬೆಳಗ್ಗೆ ಪತಂಗಗಳು ಬಂದು ಕೂತಿದ್ದವು. ಆಕೆಗೆ ಅವರೇ ಹೊಲದಿಂದ ಬಂದ ಹಾಗಾಯಿತು. ಅಂದಿನಿಂದ ಕೋಟು ನೋಡಿಯೇ ಚಹಾಕ್ಕೆ ನೀರಿಡುವುದು. ಇದು ಹುಚ್ಚು ಎಂದು ಗೊತ್ತಿತ್ತು, ಅದಕ್ಕೇ ಯಾರಿಗೂ ಹೇಳಿರಲಿಲ್ಲ.

"ಸರ್ ಇದನ್ನ ತಗಡಿನ ಡಬ್ಬದಲ್ಲಿ ಮುಚ್ಚಿಡ್ತಿದ್ರಲ್ವಾ ಅಮ್ಮಾ?" ಹುಡುಗಿ ಮೆಲ್ಲಗೆ ಕೇಳಿದಳು.

ಹೌದು, ಮುಚ್ಚಿಡುತ್ತಿದ್ದರು. ಇಲಿ ಕಡಿಯಬಾರದೆಂದು ಇರಬೇಕು ಅಂದುಕೊಂಡಿದ್ದಳು ಆಕೆ. ಹುಡುಗಿ ಚೀಲದಿಂದ ಒಂದು ಹತ್ತಿಕಾಯಿ ತೆಗೆದು ಬಿಡಿಸಿದಳು. ಒಳಗೆ ಗುಲಾಬಿ ಬಣ್ಣದ ಹುಳ ಬೀಜಕ್ಕೆ ಬಾಯಿ ಹಾಕಿಕೊಂಡು ಮಲಗಿತ್ತು. ಬೇಲಿ ಪಕ್ಕದ ಪ್ರಯೋಗ ತಾಕಿನ ಬಲೆಗಳಿಗೆ ಈ ಸಲ ಪತಂಗವೇ ಬೀಳುತ್ತಿಲ್ಲವಂತೆ. ಹುಳ ಇಲ್ಲವೆಂದು ನಂಬಿ ಅವಳು ಔಷಧಿ ಹೊಡೆಸಿಲ್ಲ. ಈಗ ಕಾಯಿ ಬಿಡಿಸಿದರೆ ಇದು. ಬಲೆಗೆ ಬೀಳಬೇಕಾದವೆಲ್ಲ ಈ ಕೋಟಿಗೆ ಬಂದು ಕೂತಿವೆ. ಈ ವರ್ಷದ ಫಲಿತಾಂಶ ಕೆಟ್ಟರೆ ಮೇಲಿನವರು ಪ್ರಯೋಗವನ್ನೇ ಮುಚ್ಚಿ, ಮೊದಲಿನ ಹಾಗೆ ವಾರಕ್ಕೊಮ್ಮೆ ಕಣ್ಣು ಮುಚ್ಚಿ ವಿಷ ಹೊಡೆಯಲು ಹೇಳುತ್ತಾರೆ.

"ಸರ್ ಶುರು ಮಾಡಿದ ಪ್ರಯೋಗ ಅಮ್ಮಾ" ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

ಆಕೆ ಹುಳವನ್ನು ನೋಡಿದಳು, ಕೋಟನ್ನು ನೋಡಿದಳು. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೇ" ಎಂದು ನಗಲು ಹೋದಳು. ಸುಗ್ಗಿ ಮುಗಿಯುವವರೆಗೆ ಡಬ್ಬದಲ್ಲಿ ಇಟ್ಟುಕೊಳ್ಳಲೇ ಎಂದು ಕೇಳೋಣವೆನಿಸಿತು. ಆದರೆ ಡಬ್ಬದಲ್ಲಿಟ್ಟರೆ ಯಾವತ್ತಾದರೂ ಒಂದು ಬೆಳಗ್ಗೆ ತೆಗೆಯದೆ ಇರಲಾರೆ ಎಂದು ಆಕೆಗೇ ಗೊತ್ತಿತ್ತು. ಪತಂಗಗಳನ್ನು ಒಂದೊಂದಾಗಿ ಊದಿ ಎಬ್ಬಿಸಿ ಕೋಟು ಇಳಿಸಿದಳು. ಜೇಬಿನೊಳಗೆ ಬಲಗೈ ತೂರಿಸಿ, ತಾನೇ ಹಾಕಿದ ಅಸ್ತರನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮಡಿಚಿ ಕೊಟ್ಟಳು.

ಹುಡುಗಿ ಅದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ಕೈನ ಸೋಪು ಹಾಕಿ ಚೆನ್ನಾಗಿ ತೊಳ್ಕೊಳ್ಳಿ ಅಮ್ಮಾ. ಇಲ್ಲಾಂದ್ರೆ ನಿಮ್ಮನ್ನೇ ಹುಡುಕ್ಕೊಂಡು ಬರ್ತಾವೆ."

ಆಕೆ ಹೂಂ ಎಂದಳು.

ಮರುದಿನ ಬೆಳಗ್ಗೆ ಫೋನು ಬಂದಾಗ ಆಕೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಹುಡುಗಿಯ ದನಿಯಲ್ಲಿ ಎಷ್ಟೋ ದಿನದ ಮೇಲೆ ಗೆಲುವಿತ್ತು. ಬೇಲಿ ಪಕ್ಕದ ಬಲೆಗಳು ತುಂಬಿಹೋಗಿವೆಯಂತೆ, ಇವತ್ತೇ ಔಷಧಿ ಹೊಡೆಸುತ್ತಾಳಂತೆ, ಬೆಳೆ ಉಳಿಯುತ್ತದಂತೆ.

"ನಿಮ್ಮನೆ ಹತ್ರ ಈಗ ಒಂದೂ ಇಲ್ವಲ್ಲ ಅಮ್ಮಾ?"

"ಒಂದೂ ಇಲ್ಲ ಕಣೇ" ಎಂದಳು ಆಕೆ. ಫೋನು ಎಡಗೈಯಲ್ಲಿತ್ತು. ನಿನ್ನೆಯಿಂದ ನೀರು ಸೋಕಿಸದ ಬಲಗೈಯನ್ನು ಮಂಡಿಯ ಮೇಲೆ ಅಲುಗಾಡದಂತೆ ಇಟ್ಟುಕೊಂಡಿದ್ದಳು, ಅದರ ಮೇಲೆ ಕೂತದ್ದು ಹಾರಿಹೋಗಬಾರದೆಂದು.