ಎರಡು ಗಂಟೆಯ ಬಸ್ಸು

ಎರಡು ಗಂಟೆಯ ಬಸ್ಸು ತಪ್ಪಬೇಕಿತ್ತು. ಅಷ್ಟಾದರೆ ಸಾಕಿತ್ತು.

ಗೈಡ್ ವಿಜಯಸಾರಥಿ ಬೇಲೂರು ಗುಡಿಯ ಗೋಡೆಯ ಬುಡದಲ್ಲಿ ನಿಂತು, ಒಂದು ಆನೆಯ ಸೊಂಡಿಲಿಗೂ ಪಕ್ಕದ ಆನೆಯ ಸೊಂಡಿಲಿಗೂ ಇರುವ ವ್ಯತ್ಯಾಸ ವಿವರಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಇಂಥ ಕೆಲಸ ಅವನು ಮಾಡಿರಲಿಲ್ಲ. ಇಡೀ ಗುಡಿಗೆ ಒಂದು ಗಂಟೆ; ಅದಕ್ಕಿಂತ ಹೆಚ್ಚಾದರೆ ಕೇಳುವವರಿಗೆ ಬೇಸರ, ಹೇಳುವವನಿಗೆ ಗಂಟಲುನೋವು. ಇವತ್ತು ಶುರುಮಾಡಿ ಆಗಲೇ ಎರಡು ತಾಸು ಕಳೆದಿತ್ತು. ಮಂಡಿ ಬೇರೆ ಹಿಡಿದುಕೊಂಡಿತ್ತು.

ಕೇಳುತ್ತಿದ್ದವಳು ಪ್ರತಿಮಾ, ನೇಪಾಳದ ಹುಡುಗಿ. ಮೈಸೂರಿನಲ್ಲಿ ಮೂರು ವರ್ಷ ಓದಿ ಕನ್ನಡ ಕಲಿತಿದ್ದಳು. ಹನ್ನೊಂದಕ್ಕೆ ಅರಸೀಕೆರೆ ಬಸ್ಸಿನಿಂದ ಇಳಿದು, ಹೆಗಲಿಗೊಂದು ಚೀಲ ಹಾಕಿಕೊಂಡು ಬಂದಿದ್ದಳು. ಏನು ಓದುತ್ತಿದ್ದೀರಿ ಎಂದು ಅವನು ವಾಡಿಕೆಯಂತೆ ಕೇಳಿದ್ದ.

"ಅರಸೀಕೆರೆ ಹತ್ತಿರ ಹೊಸ ವಿಶ್ವವಿದ್ಯಾಲಯ ಇದೆಯಲ್ಲ ಸರ್, ಅಲ್ಲಿ ದೇವಾಲಯ ಶಿಲ್ಪದ ಎಂ.ಎ. ವಿದೇಶಿಯರಿಗೆ ಇರುವ ಒಂದೇ ಸೀಟು ನನಗೆ ಬಂದಿದ್ದು."



ಅದೇ ಎಂ.ಎ.ಗೆ ಸ್ಥಳೀಯರ ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಅವನ ಮಗಳು ಮೇಧಿನಿಯದು. ಹೋದ ವರ್ಷವೂ ಹೀಗೇ ಕೂದಲೆಳೆಯಲ್ಲಿ ತಪ್ಪಿತ್ತು. ಆರು ವರ್ಷದವಳಿದ್ದಾಗಲೇ ಇಲ್ಲಿನ ಮದನಿಕೆಯರ ಹೆಸರನ್ನೆಲ್ಲ ಪಟಪಟ ಹೇಳುತ್ತಿದ್ದ ಹುಡುಗಿ. ಬೇಲೂರಿನ ಗುಡಿ ಓದುವುದಕ್ಕೆ ಬೇಲೂರಿನವಳಿಗೇ ಜಾಗವಿಲ್ಲವೆಂದರೆ ಏನು ನ್ಯಾಯ ಎಂದು ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಎರಡು ಸಲವೂ ಅರ್ಜಿ ತುಂಬಿದವನು ಅವನೇ. ಹೆಣ್ಣುಮಗಳ ನಂಬರು ಕಂಡಕಂಡ ಆಫೀಸಿನಲ್ಲಿ ಯಾಕೆ ಬಿದ್ದಿರಬೇಕು ಎಂದು ತನ್ನ ನಂಬರನ್ನೇ ಬರೆದಿದ್ದ.

ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಮೇಧಿನಿ ಹೇಳಿದ್ದಳು: "ಇವತ್ತೇ ಕೊನೇ ದಿನ ಅಪ್ಪ. ಆ ಫಾರಿನ್ ಸ್ಟೂಡೆಂಟ್ ನಾಲ್ಕು ಗಂಟೆ ಒಳಗೆ ಸೇರ್ಕೊಳ್ದೇ ಇದ್ರೆ ಸೀಟು ನನಗೆ. ಸೇರ್ಕೊಂಡ್ರೆ ಮುಗೀತು, ಇನ್ನು ನಾನು ಅರ್ಜಿ ಹಾಕಲ್ಲ. ಸಾಕಾಗಿದೆ."

ಇಪ್ಪತ್ಮೂರು ವರ್ಷದವಳ ಬಾಯಲ್ಲಿ ಆ ಮಾತು ಕೇಳಿ ಅವನು ಇಡ್ಲಿ ಅರ್ಧಕ್ಕೇ ಬಿಟ್ಟು ಎದ್ದಿದ್ದ.

"ಸೇರೋದಕ್ಕೆ ಇವತ್ತೇ ಕೊನೆ ಅಲ್ವಾಮ್ಮ?" ಎಂದು ಪ್ರತಿಮಾಳನ್ನು ಕೇಳಿದ್ದ.

"ಹೌದು, ನಾಲ್ಕಕ್ಕೆ ಮುಗಿಯುತ್ತದೆ. ನನಗೇನೂ ಅವಸರ ಇಲ್ಲ ಸರ್, ನಿಧಾನವಾಗಿ ತೋರಿಸಿ."

ಸೀಟು ಗಟ್ಟಿಯಾದವರ ಮಾತು ಹೀಗೇ ಇರುತ್ತದೆ ಎಂದುಕೊಂಡ. ಎಂದಿನಂತೆ ಫೋನಿನ ಸದ್ದು ನಿಲ್ಲಿಸಿ ಜೇಬಿಗೆ ಹಾಕಿದ. ಅರಸೀಕೆರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ; ಎರಡರ ಬಸ್ಸು ತಪ್ಪಿದರೆ ನಾಲ್ಕರೊಳಗೆ ತಲುಪಲಾರಳು. ತಾನು ಮಾಡಬೇಕಾದದ್ದು ಇಷ್ಟೇ, ಮಾತಾಡುತ್ತಲೇ ಇರಬೇಕು.

ಆಡಿದ. ಆನೆ ಮುಗಿಸಿ ಕುದುರೆ ಹಿಡಿದ, ಕುದುರೆ ಮುಗಿಸಿ ಬಳ್ಳಿ ಹಿಡಿದ. ಜೇಬಿನಲ್ಲಿ ಫೋನು ಆಗಾಗ ನಡುಗುತ್ತಿತ್ತು. ಊಟಕ್ಕೆ ಬರಲಿಲ್ಲವೆಂದು ಹೆಂಡತಿ ಕೋಮಲವಲ್ಲಿ ಮಾಡುತ್ತಿರಬೇಕು. ಬೈಗುಳ ಆಮೇಲೆ ತಿಂದರಾಯಿತು.

ಪಕ್ಕದಲ್ಲಿ ಹಾದುಹೋದ ಗೈಡ್ ಸ್ವಾಮಿ ನಕ್ಕ. "ಏನ್ಲಾ ಸಾರಥಿ, ಆನೆಗೆಲ್ಲ ನಾಮಕರಣ ಮಾಡ್ತಿದ್ದೀಯಾ? ಊಟ ಗೀಟ ಇಲ್ವೇನ್ಲಾ?"

"ಓದೋ ಹುಡುಗಿ ಕಣೋ. ಎಲ್ಲಾ ನೋಡ್ಬೇಕಂತೆ."

ಎರಡಕ್ಕೆ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹುಡುಗಿ ಗಡಿಯಾರ ನೋಡಲಿಲ್ಲ. ತನ್ನ ನೀರಿನ ಬಾಟಲಿಯನ್ನು ಅವನಿಗೆ ಚಾಚಿ, "ಕೂತ್ಕೊಳ್ಳಿ ಸರ್, ನಿಮಗೆ ಸುಸ್ತಾಗಿದೆ" ಎಂದಳು. ಆ ನೀರು ಕುಡಿಯುವಾಗ ಅವನಿಗೆ ನಾಚಿಕೆಯಾಯಿತು. ಇವಳೂ ಯಾರದೋ ಮನೆಯ ಮಗಳೇ. ಆದರೆ ಕಾರು ಮಾಡಿಕೊಂಡು ಹೊರಟರೆ ಇನ್ನೂ ತಲುಪಿಯಾಳು. ಮಧ್ಯಾಹ್ನ ಮುಚ್ಚಿದ್ದ ಒಳಗುಡಿಯ ಬಾಗಿಲು ತೆರೆದದ್ದೇ ಅವಳನ್ನು ಕಂಬಗಳ ಮುಂದೆ ನಿಲ್ಲಿಸಿಕೊಂಡ, ಒಂದೊಂದನ್ನೂ ಬಿಡದೆ.

ಹೊರಗೆ ಬಂದಾಗ ನಾಲ್ಕು ದಾಟಿತ್ತು. ಗೆದ್ದೆ ಅನಿಸಬೇಕಿತ್ತು. ಬರೀ ಆಯಾಸವೇ ಆಯಿತು. ಜಗಲಿಯ ಮೇಲೆ ಕುಸಿದು ಕೂತ. ಕೊನೆಗೆ ತಡೆಯಲಾಗಲಿಲ್ಲ.

"ತಪ್ಪು ಮಾಡ್ಬಿಟ್ಟೆ ಕಣಮ್ಮ. ಬೇಕಂತಲೇ ತಡ ಮಾಡ್ದೆ. ನಿನ್ನ ಬಸ್ಸೂ ಹೋಯ್ತು, ಸೀಟೂ ಹೋಯ್ತು."

ಪ್ರತಿಮಾ ಅರ್ಥವಾಗದೆ ನೋಡಿದಳು. ಆಮೇಲೆ ಸುಸ್ತಾಗಿ ನಕ್ಕಳು.

"ಯಾವ ಸೀಟು ಸರ್? ಅದನ್ನು ಬೆಳಿಗ್ಗೆಯೇ ವಾಪಸ್ ಕೊಟ್ಟು ಬಂದೆ. ಊರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ, ನನ್ನ ಓದು ಮುಗೀತು. ರಾತ್ರಿ ರೈಲು. ಹೋಗುವ ಮುಂಚೆ ಈ ಗುಡಿಯನ್ನಾದರೂ ನೋಡೋಣ ಅಂತ ಬಂದೆ."

ಅವಳು ಚೀಲ ಹೆಗಲಿಗೇರಿಸಿಕೊಂಡಳು.

"ಒಂದು ಸಮಾಧಾನ ಸರ್. ಪಟ್ಟಿಯಲ್ಲಿ ಮುಂದಿರುವುದು ಬೇಲೂರಿನ ಹುಡುಗಿಯೇ ಅಂತೆ. ಹನ್ನೊಂದರ ಮೇಲೆ ಅವರ ಮನೆಗೆ ಫೋನ್ ಮಾಡ್ತೀವಿ ಅಂದರು. ನಾಲ್ಕರವರೆಗೂ ನೋಡ್ತೀವಿ, ಆಗಲೂ ಎತ್ತದಿದ್ದರೆ ಅವಳ ನಂತರದವರಿಗೆ ಕೊಡ್ತೀವಿ ಅಂದರು. ಪಾಪ, ಇಷ್ಟು ಹೊತ್ತಿಗೆ ಎತ್ತಿರುತ್ತಾರೆ ಬಿಡಿ."

ವಿಜಯಸಾರಥಿ ಜೇಬಿನಿಂದ ಫೋನು ತೆಗೆದ. ಹನ್ನೊಂದು ಮಿಸ್ಡ್ ಕಾಲ್, ಕೊನೆಯದು ಮೂರು ಐವತ್ತೆಂಟಕ್ಕೆ. ಒಂದೂ ಕೋಮಲವಲ್ಲಿಯದಾಗಿರಲಿಲ್ಲ.